ಬೀಗ ಬಿದ್ದ ವರ್ಷಗಳ ಸಾಲ: ಐಲಾ ದ್ವೀಪದ ಒಂದು ವಿಸ್ಕಿ ಡಿಸ್ಟಿಲರಿಯ ಪ್ರಕರಣ

ಸ್ಕಾಟ್ಲೆಂಡ್‌ನ ಒಂದು ವಿಸ್ಕಿ ಡಿಸ್ಟಿಲರಿಗೆ 1994ರ ಕೊನೆಗೆ, ಬೇಡವೆಂದು ಬೀಗ ಹಾಕಿದರು. 2000ದ ಡಿಸೆಂಬರ್‌ನಲ್ಲಿ ಒಂದು ಸಣ್ಣ ಗುಂಪು ಅದನ್ನು ಸುಮಾರು 65 ಲಕ್ಷ ಪೌಂಡಿಗೆ ಕೊಂಡಿತು. 2012ರಲ್ಲಿ ಅದೇ ಡಿಸ್ಟಿಲರಿ 5.8 ಕೋಟಿ ಪೌಂಡಿಗೆ ಮಾರಾಟವಾಯಿತು. ಇದನ್ನು ಕೇಳಿದವರು ‘ಬ್ರ್ಯಾಂಡಿಂಗ್ ಚೆನ್ನಾಗಿ ಮಾಡಿದ್ರು’ ಅಂದು ಮಾತು ಮುಗಿಸುತ್ತಾರೆ. ನನಗೆ ಹಾಗನಿಸುವುದಿಲ್ಲ. ವಿಸ್ಕಿ ಇವತ್ತು ಇಳಿಸಿದರೆ ನಾಳೆ ಮಾರುವ ಸರಕಲ್ಲ. ಹಾಗಿರುವಾಗ ನಡುವಿನ ಹನ್ನೊಂದೂವರೆ ವರ್ಷ ಸಂಬಳ ಎಲ್ಲಿಂದ ಕೊಟ್ಟರು? ಈ ಪ್ರಕರಣದಲ್ಲಿ ನೋಡಬೇಕಾದದ್ದು ಅದು.

ಡಿಸ್ಟಿಲರಿಯ ಹೆಸರು, ಜನರ ಹೆಸರು ಬರೆಯುತ್ತಿಲ್ಲ. ಐಲಾ ವಿಸ್ಕಿಯ ರುಚಿ ಹತ್ತಿದವರು ಅರ್ಧ ಓದುವ ಹೊತ್ತಿಗೆ ಗುರುತು ಹಿಡಿದುಬಿಡುತ್ತಾರೆ, ಹಿಡಿಯಲಿ. ಹೆಸರು ಹಾಕಿದರೆ ಮಾತು ಆ ಮನುಷ್ಯ ಎಂಥವನು ಅನ್ನುವ ಕಡೆ ಹೊರಳುತ್ತದೆ, ನಿರ್ಧಾರಗಳು ಹಿಂದೆ ಸರಿಯುತ್ತವೆ. ಕೊಂಡವರ ಮುಂದಾಳನ್ನು ‘ವ್ಯಾಪಾರಿ’ ಎಂದೂ, ತಯಾರಿಕೆ ನೋಡಿಕೊಂಡವರನ್ನು ‘ಮೇಸ್ತ್ರಿ’ ಎಂದೂ ಕರೆಯುತ್ತೇನೆ.

ಹಿನ್ನೆಲೆ

ಐಲಾ ಸ್ಕಾಟ್ಲೆಂಡ್‌ನ ಪಶ್ಚಿಮ ಕಡಲಿನ ದ್ವೀಪ. ಜನಸಂಖ್ಯೆ ಮೂರು ಸಾವಿರದ ಆಸುಪಾಸು. ಗಾಳಿ, ಮಳೆ, ಕುರಿ, ಹುಲ್ಲುಗಾವಲು, ಮತ್ತು ಎಕರೆಗಟ್ಟಲೆ ಪೀಟ್. ಪೀಟ್ ಅಂದರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತು ಕೂತ ಗಿಡಗಂಟಿಯ ಕಪ್ಪು ಹೆಂಟೆ. ಕೊಯ್ದು ಒಣಗಿಸಿದರೆ ಒಲೆಗೆ ಉರುವಲಾಗುತ್ತದೆ. ಮೊಳಕೆ ಬಂದ ಬಾರ್ಲಿಯನ್ನು ಇದರ ಹೊಗೆಯಲ್ಲಿ ಒಣಗಿಸುವುದು ಇಲ್ಲಿನ ಹಳೆಯ ರೂಢಿ. ಐಲಾ ವಿಸ್ಕಿಯಲ್ಲಿ ಮೂಗಿಗೆ ಹೊಡೆಯುವ ಹೊಗೆ, ಕೆಲವರು ‘ಆಸ್ಪತ್ರೆ ವಾಸನೆ’ ಎನ್ನುವ ಆ ಘಾಟು, ಬಂದಿದ್ದು ಅಲ್ಲಿಂದ.

ನಮ್ಮ ಡಿಸ್ಟಿಲರಿಯನ್ನು 1881ರಲ್ಲಿ ಕಟ್ಟಿಸಿದ್ದು ಗ್ಲಾಸ್ಗೋದ ಮೂವರು ಅಣ್ಣತಮ್ಮಂದಿರು. ಅವರದು ಮೊದಲಿಂದಲೂ ವಿಸ್ಕಿ ಕಸುಬಿನ ಮನೆತನ. ದ್ವೀಪದ ಹಳೆಯ ಡಿಸ್ಟಿಲರಿಗಳು ಹೆಚ್ಚಾಗಿ ರೈತರ ಕೊಟ್ಟಿಗೆ, ಕಣಜಗಳ ಸುತ್ತ ಬೆಳೆದಂಥವು. ಇದು ಹಾಗಲ್ಲ. ವಿಸ್ಕಿಗೆಂದೇ ನಕ್ಷೆ ಹಾಕಿ, ಕಡಲ ದಂಡೆಯ ಉರುಟು ಕಲ್ಲು ಬೆರೆಸಿದ ಕಾಂಕ್ರೀಟಿನಲ್ಲಿ ಎಬ್ಬಿಸಿದ ಕಟ್ಟಡ. ಕಾಂಕ್ರೀಟ್ ಆಗಿನ ಕಾಲಕ್ಕೆ ತೀರಾ ಹೊಸದು. ಭಟ್ಟಿಯ ತಾಮ್ರದ ಹಂಡೆಗಳ ಕತ್ತನ್ನು ಬೇಕೆಂದೇ ಉದ್ದವಾಗಿ, ಸಣ್ಣದಾಗಿ ಮಾಡಿಸಿದರು. ಕತ್ತು ಉದ್ದವಿದ್ದಷ್ಟೂ ಭಾರದ ಆವಿ ಮೇಲೆ ಹತ್ತಲಾರದೆ ಮತ್ತೆ ಕೆಳಗೆ ಬೀಳುತ್ತದೆ. ಹಗುರವಾದದ್ದು ಮಾತ್ರ ದಾಟುತ್ತದೆ. ಹಾಗಾಗಿ ಇಲ್ಲಿನ ವಿಸ್ಕಿ ದ್ವೀಪದ ಉಳಿದವುಗಳಿಗಿಂತ ನವಿರು.

ಅಣ್ಣತಮ್ಮಂದಿರ ನಡುವೆ ಜಗಳ ಬಂತು, ಒಬ್ಬರೇ ನಿಂತು ನಡೆಸಿದರು. ಅವರು 1936ರಲ್ಲಿ ತೀರಿಕೊಂಡ ಮೇಲೆ ಆಸ್ತಿ ಕೈಯಿಂದ ಕೈಗೆ ಹೋಯಿತು. 1938, 1952, 1960, 1968 ಹೀಗೆ ಮಾಲೀಕರು ಬದಲಾಗುತ್ತಲೇ ಇದ್ದರು. 1961ರಲ್ಲಿ ಇಲ್ಲೇ ಬಾರ್ಲಿ ಮೊಳಕೆ ಬರಿಸುವುದನ್ನು ನಿಲ್ಲಿಸಿ, ಹೊರಗಿಂದ ಹೊಗೆ ಇಲ್ಲದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ತರಿಸತೊಡಗಿದರು. 1975ರಲ್ಲಿ ಹಂಡೆಗಳು ಎರಡಿದ್ದದ್ದು ನಾಲ್ಕಾದವು. ಇಷ್ಟು ವರ್ಷ ಇಲ್ಲಿನ ವಿಸ್ಕಿಯ ಬಹುಪಾಲು ಹೋಗುತ್ತಿದ್ದದ್ದು ಹಲವು ಡಿಸ್ಟಿಲರಿಗಳ ವಿಸ್ಕಿ ಬೆರೆಸಿ ದೊಡ್ಡ ಕಂಪನಿಗಳು ಮಾಡುವ ಬ್ಲೆಂಡ್‌ಗಳಿಗೆ. ತನ್ನದೇ ಹೆಸರಿನ ಬಾಟಲಿ ಅಂತ ಹೊರಬಂದದ್ದು ಕಡಿಮೆ.

ಮುಂದಿನದ್ದಕ್ಕೆ ಇದು ಮುಖ್ಯ. ಬ್ಲೆಂಡ್‌ಗೆ ಸರಕು ಕೊಡುವ ಡಿಸ್ಟಿಲರಿಗೆ ಸ್ವಂತ ಗಿರಾಕಿ ಇರುವುದಿಲ್ಲ. ಮೇಲಿನವರು ‘ಈ ವರ್ಷ ಬೇಡ’ ಅಂದರೆ ಮುಗಿಯಿತು.

ಬೇಡ ಅಂದದ್ದೂ ಆಯಿತು. 1970ರ ದಶಕದಲ್ಲಿ ಎಲ್ಲರೂ ಬೇಡಿಕೆ ಏರುತ್ತಲೇ ಇರುತ್ತದೆ ಎಂದು ನಂಬಿ ಜಾಸ್ತಿ ಇಳಿಸಿದರು. ಬೇಡಿಕೆ ಇಳಿಯಿತು, ಗೋದಾಮುಗಳಲ್ಲಿ ಸರಕು ಹಾಗೇ ಕೂತಿತು. 1983 ಒಂದೇ ವರ್ಷದಲ್ಲಿ ಆಗಿನ ಅತಿ ದೊಡ್ಡ ಕಂಪನಿ ಹತ್ತಕ್ಕೂ ಹೆಚ್ಚು ಡಿಸ್ಟಿಲರಿಗಳನ್ನು ಮುಚ್ಚಿತು. ಐಲಾದ ಪೋರ್ಟ್ ಎಲೆನ್ ಅದರಲ್ಲಿ ಒಂದು. ಆರ್ಡ್‌ಬೆಗ್ 1981ರಲ್ಲೇ ನಿಂತಿತ್ತು. ನಮ್ಮದು ಹೇಗೋ ಕುಂಟುತ್ತಾ ಉಳಿಯಿತು. 1993ರಲ್ಲಿ ಗ್ಲಾಸ್ಗೋದ ಒಂದು ಕಂಪನಿ ಇದರ ಮಾಲೀಕ ಕಂಪನಿಯನ್ನೇ ನುಂಗಿತು. ಕೈಯಲ್ಲಿ ಡಿಸ್ಟಿಲರಿಗಳು ಹೆಚ್ಚಾದವು. ಕೆಲವಕ್ಕೆ ಬೀಗ ಬಿತ್ತು. 1998ರಲ್ಲಿ ಕೆಲವು ತಿಂಗಳು ಬಾಗಿಲು ತೆಗೆದು ಸ್ವಲ್ಪ ವಿಸ್ಕಿ ಇಳಿಸಿದ್ದು ಬಿಟ್ಟರೆ ಆರು ವರ್ಷ ಇಲ್ಲಿ ಒಲೆ ಹೊತ್ತಲಿಲ್ಲ.

ಕೊಂಡವರು ಏನು ಕೊಂಡರು?

ವ್ಯಾಪಾರಿ ಲಂಡನ್ನಿನಲ್ಲಿ ವೈನ್ ಮಾರುತ್ತಿದ್ದವರು. ಪಕ್ಕದಲ್ಲಿ ಬೇರೆ ಬೇರೆ ಡಿಸ್ಟಿಲರಿಗಳ ಪೀಪಾಯಿ ಕೊಂಡು ಬಾಟಲಿ ತುಂಬುವ ಸಣ್ಣ ವ್ಯವಹಾರವೂ ಇತ್ತು. ಈ ಡಿಸ್ಟಿಲರಿಯ ವಿಸ್ಕಿ ಅವರಿಗೆ ಇಷ್ಟ. ವರ್ಷಗಟ್ಟಲೆ ‘ಮಾರ್ತೀರಾ?’ ಎಂದು ಕೇಳಿದರು, ಪ್ರತಿಸಲವೂ ‘ಇಲ್ಲ’ ಎಂಬ ಉತ್ತರವೇ ಬಂತು. ಕೊನೆಗೆ 2000ದಲ್ಲಿ ಒಪ್ಪಿಗೆ ಸಿಕ್ಕಿತು. ಗೆಳೆಯರು, ಗಿರಾಕಿಗಳು, ಐಲಾದ ಕೆಲವು ಜಮೀನ್ದಾರರು ಸೇರಿ ಷೇರು ಹಣ ಹಾಕಿದರು, ಜೊತೆಗೆ ಬ್ಯಾಂಕ್ ಸಾಲ. ಡಿಸೆಂಬರ್ 19ಕ್ಕೆ ವ್ಯವಹಾರ ಮುಗಿಯಿತು.

ಕೈಗೆ ಬಂದದ್ದು: ಸುಣ್ಣ ಕಾಣದ ಗೋಡೆಗಳು, ಹಳೆಯ ಕಾಲದ ಯಂತ್ರಗಳು, ತಾಮ್ರದ ನಾಲ್ಕು ಹಂಡೆಗಳು, ಮತ್ತು ಗೋದಾಮುಗಳಲ್ಲಿ ಮಲಗಿದ್ದ ಸಾವಿರಾರು ಪೀಪಾಯಿ ವಿಸ್ಕಿ. 1960ರ ದಶಕದಲ್ಲಿ ಇಳಿಸಿದ ಪೀಪಾಯಿಗಳೂ ಅದರಲ್ಲಿದ್ದವು.

ಬರೆಯುವವರೆಲ್ಲ ಆ ಹಳೆಯ ಯಂತ್ರಗಳ ಮುಂದೆ ನಿಂತು ಮೈಮರೆಯುತ್ತಾರೆ. ನನ್ನ ಕಣ್ಣು ಪೀಪಾಯಿಗಳ ಮೇಲೆ. ಅವು ಇಲ್ಲದಿದ್ದರೆ ಈ ಪ್ರಕರಣ ಎರಡೇ ವರ್ಷದಲ್ಲಿ ಮುಗಿಯುತ್ತಿತ್ತು.

ಸಮಸ್ಯೆ

ಸ್ಕಾಚ್ ಎಂದು ಕರೆಯಬೇಕಾದರೆ ಸ್ಕಾಟ್ಲೆಂಡ್‌ನಲ್ಲೇ ಓಕ್ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಇರಬೇಕು. ಇದು ಕಾನೂನು. ಮೂರು ವರ್ಷದ್ದನ್ನು ಮಾರಬಹುದು, ಆದರೆ ಒಳ್ಳೆಯ ಬೆಲೆ ಬರುವುದು ಹತ್ತರ ಮೇಲೆ. ಬಾಟಲಿಯ ಮೇಲೆ ವಯಸ್ಸು ಬರೆದರೆ ಒಳಗಿನ ಅತಿ ಎಳೆಯ ವಿಸ್ಕಿಯ ವಯಸ್ಸನ್ನೇ ಬರೆಯಬೇಕು. ಹಳೆಯದಕ್ಕೆ ಚೂರು ಹೊಸದು ಬೆರೆಸಿ ಸುಮ್ನೆ ದೊಡ್ಡ ಸಂಖ್ಯೆ ಹಾಕುವ ಹಾಗಿಲ್ಲ.

ಈಗ ಲೆಕ್ಕ ನೋಡಿ. 2006ರಲ್ಲಿ ಅಂಗಡಿಯವರು ‘ಹತ್ತು ವರ್ಷದ್ದು ಕೊಡಿ’ ಎಂದರೆ ಅದು 1996ರಲ್ಲಿ ಇಳಿಸಿದ್ದಾಗಿರಬೇಕು. 1996ರಲ್ಲಿ ಬಾಗಿಲಿಗೆ ಬೀಗ. 2009ರಲ್ಲಿ ಹನ್ನೆರಡು ವರ್ಷದ್ದು ಕೇಳಿದರೆ 1997, ಆಗಲೂ ಬೀಗ. ಮುಚ್ಚಿದ ದಿನ ಯಾರಿಗೂ ನಷ್ಟ ಆದಂತೆ ಕಾಣಲಿಲ್ಲ, ಸಂಬಳ ಉಳಿಯಿತಷ್ಟೇ. ಆ ಉಳಿತಾಯದ ಬಿಲ್ಲು ಹತ್ತು ಹನ್ನೆರಡು ವರ್ಷ ಕಳೆದು, ಬೇರೆಯವರ ಮನೆ ಬಾಗಿಲಿಗೆ ಬಂತು.

ಜೊತೆಗೆ ಹೊಸದಾಗಿ ಇಳಿಸುವ ಖರ್ಚು ಇವತ್ತೇ ಆಗಬೇಕು. ಬಾರ್ಲಿ, ಒಲೆಯ ಎಣ್ಣೆ, ಪೀಪಾಯಿ, ಸಂಬಳ, ಬಡ್ಡಿ. ಮೇಲಿಂದ ಸ್ಕಾಟ್ಲೆಂಡ್‌ನ ತಂಪಿನಲ್ಲೂ ವರ್ಷಕ್ಕೆ ಸುಮಾರು ಶೇ. 2ರಷ್ಟು ಪೀಪಾಯಿಯಿಂದ ಆವಿಯಾಗಿ ಹೋಗುತ್ತದೆ. ಬೆಂಗಳೂರಿನ ಹವೆಯಲ್ಲಿ ಇದು ಶೇ. 10ರ ಮೇಲೆ. ಆದರೆ ಅದೇ ಬಿಸಿಲಿಗೆ ವಿಸ್ಕಿ ಬೇಗ ಹದಕ್ಕೆ ಬರುತ್ತದೆ. ಮೈಸೂರು ರಸ್ತೆಯ ಕಂಬೀಪುರದ ಅಮೃತ್ ಡಿಸ್ಟಿಲರಿ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು (ಒಂದೇ ಡಿಸ್ಟಿಲರಿಯ ಮಾಲ್ಟ್ ವಿಸ್ಕಿ) ನೇರವಾಗಿ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡುವಷ್ಟು ಧೈರ್ಯ ತೋರಿದ್ದು ಈ ಅನುಕೂಲ ನಂಬಿಯೇ. ಐಲಾದವರಿಗೆ ಆ ದಾರಿ ಇಲ್ಲ. ಅಲ್ಲಿ ಕಾಯಲೇಬೇಕು.

ತೀರ್ಥಹಳ್ಳಿ, ಶಿರಸಿ ಕಡೆ ಅಡಿಕೆ ಸಸಿ ನೆಟ್ಟವರು ನಡುವೆ ಬಾಳೆ ಹಾಕುತ್ತಾರಲ್ವಾ, ಅಡಿಕೆ ಫಸಲು ಬರುವ ತನಕ ಸಂಸಾರ ನಡೆಯಲಿ ಅಂತ. ಈ ಡಿಸ್ಟಿಲರಿಯವರಿಗೂ ಬಾಳೆ ಬೇಕಿತ್ತು.

ಏನೇನು ಮಾಡಿದರು

ಮೊದಲು ಹುಡುಕಿದ್ದು ಮನುಷ್ಯರನ್ನು. ಮೇಸ್ತ್ರಿ ಐಲಾದವರೇ. 1963ರಲ್ಲಿ, ಹದಿನೈದನೇ ವಯಸ್ಸಿಗೆ, ಅದೇ ದ್ವೀಪದ ಬೋಮೋರ್ ಡಿಸ್ಟಿಲರಿಗೆ ಪೀಪಾಯಿ ಕಟ್ಟುವ ಕೆಲಸ ಕಲಿಯಲು ಸೇರಿದವರು. ಮ್ಯಾನೇಜರ್ ಆಗಿ, ದೇಶ ದೇಶ ಸುತ್ತಿ ವಿಸ್ಕಿ ಬಗ್ಗೆ ಮಾತಾಡಿ ಹೆಸರು ಮಾಡಿದ್ದರು. ಮೂರೂವರೆ ದಶಕ ದಾಟಿದ ಕೆಲಸ ಬಿಟ್ಟು, ತುಕ್ಕು ಹಿಡಿದ ಡಿಸ್ಟಿಲರಿಗೆ ಬಂದರು. ಮುಚ್ಚುವ ಮೊದಲು ಅಲ್ಲೇ ಕೆಲಸ ಮಾಡಿದ್ದ ಸ್ಥಳೀಯರನ್ನೂ ವಾಪಸ್ ಕರೆದರು. ಅವರಲ್ಲಿ ಒಬ್ಬರು 1970ರ ದಶಕದಿಂದ ಆ ಯಂತ್ರಗಳನ್ನು ರಿಪೇರಿ ಮಾಡಿಕೊಂಡು ಬಂದವರು. ಯಾವ ವಾಲ್ವ್ ಎಲ್ಲಿ ಸೋರುತ್ತದೆ ಅನ್ನುವುದು ಅವರಿಗೆ ಬಾಯಿಪಾಠ. ಕೈಯಲ್ಲಿ ದುಡ್ಡಿಲ್ಲದಾಗ ಹೊಸ ಯಂತ್ರಕ್ಕಿಂತ ಇಂಥವರು ಬೆಲೆಬಾಳುತ್ತಾರೆ.

ಎರಡನೆಯದು ಯಂತ್ರಗಳ ಪ್ರಶ್ನೆ. ಎಲ್ಲ ಕಡೆ ಕಂಪ್ಯೂಟರ್ ಬಂದಿತ್ತು. ಒಬ್ಬನೇ ಆಪರೇಟರ್ ಪರದೆ ಮುಂದೆ ಕೂತು ಇಡೀ ಡಿಸ್ಟಿಲರಿ ನಡೆಸುವ ಕಾಲ. ಇವರು ಹಳೆಯದನ್ನೇ ದುರಸ್ತಿ ಮಾಡಿಕೊಂಡರು. ಬಾರ್ಲಿ ಅರೆಯುವ ಗಿರಣಿ 1913ರದ್ದು, ಈಗಲೂ ಬೆಲ್ಟಿನ ಮೇಲೆ ತಿರುಗುತ್ತದೆ. ಅರೆದದ್ದನ್ನು ಬಿಸಿನೀರಲ್ಲಿ ಕಲಸುವ ಎರಕದ ಕಬ್ಬಿಣದ ಕೊಪ್ಪರಿಗೆಗೆ ಮುಚ್ಚಳವೇ ಇಲ್ಲ. ಬಗ್ಗಿ ನೋಡಿದರೆ ಒಳಗೆ ಕುಂಟೆಯಂಥ ಹಲ್ಲುಗಳು ಗಂಜಿಯಂಥ ಮಾಲ್ಟನ್ನು ನಿಧಾನಕ್ಕೆ ಕೆದಕುತ್ತಾ ಸುತ್ತುತ್ತವೆ, ಸಿಹಿ ಆವಿ ಮುಖಕ್ಕೆ ಬಡಿಯುತ್ತದೆ. ಹುಳಿ ಬರಿಸುವ ಆರು ತೊಟ್ಟಿಗಳು ಮರದವು. ತೊಟ್ಟಿಯಲ್ಲಿ ಎಷ್ಟಿದೆ ಅನ್ನುವುದಕ್ಕೆ ಅಳತೆ ಕೋಲು ಇಳಿಸುವುದು, ಅದನ್ನು ಬರೆದಿಡುವುದು. ಹಂಡೆಯಿಂದ ಬರುವ ಧಾರೆಯಲ್ಲಿ ಮೊದಲ ಭಾಗ ತೆಗೆದು, ನಡುವಿನದ್ದನ್ನು ಹಿಡಿದು, ಕೊನೆಯದನ್ನು ಮತ್ತೆ ಹಂಡೆಗೆ ಕಳಿಸುವ ಹೊತ್ತನ್ನು ಮನುಷ್ಯನೇ ನಿರ್ಧರಿಸುತ್ತಾನೆ.

ನಂತರ ಇದನ್ನೇ ‘ನಾವು ಸಂಪ್ರದಾಯ ಉಳಿಸಿದೆವು’ ಎಂದು ಹೇಳಿಕೊಂಡರು. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಹೊಸದು ಹಾಕಲು ಹಣ ಇರಲಿಲ್ಲ, ಹಳೆಯದು ಕೆಲಸ ಮಾಡುತ್ತಿತ್ತು. ಇಲ್ಲಿ ಮೆಚ್ಚಬೇಕಾದದ್ದು ಇಲ್ಲದ್ದನ್ನು ಮುಚ್ಚಿಡದೆ ಅಂಗಳಕ್ಕೆ ತಂದು ತೋರಿಸಿದ ಜಾಣತನ. ಕೈಕೆಲಸಕ್ಕೆ ಜನ ಬೇಕು, ದ್ವೀಪದಲ್ಲಿ ಕೆಲಸ ಬೇಕಾದ ಜನರಿದ್ದರು. ಎರಡೂ ಹೊಂದಿತು.

2001ರ ಮೇ 29ಕ್ಕೆ ಮತ್ತೆ ವಿಸ್ಕಿ ಇಳಿಯಿತು. ಏನು ಇಳಿಸಬೇಕು ಅನ್ನುವಲ್ಲಿ ಮೊದಲ ದೊಡ್ಡ ತಿರುವು. ಈ ಡಿಸ್ಟಿಲರಿಯ ಗುರುತು ಹೊಗೆ ಇಲ್ಲದ ವಿಸ್ಕಿ. ಮೇಸ್ತ್ರಿ ಅದನ್ನು ಬಿಡಲಿಲ್ಲ. ಆದರೆ ಅದೇ ಹಂಡೆಗಳಲ್ಲಿ ಇನ್ನೊಂದನ್ನೂ ಶುರು ಮಾಡಿದರು, 40 ಪಿಪಿಎಂ ಹೊಗೆಯ ಮಾಲ್ಟಿನಿಂದ. ಪಿಪಿಎಂ ಅಂದರೆ ಹತ್ತು ಲಕ್ಷ ಭಾಗ ಮಾಲ್ಟಿನಲ್ಲಿ ಹೊಗೆಯ ಅಂಶ ಎಷ್ಟು ಭಾಗ ಅನ್ನುವ ಅಳತೆ. ಅದಕ್ಕೆ ಪಕ್ಕದ ಹಳ್ಳಿಯ ಹೆಸರಿಟ್ಟರು. ಆ ಹಳ್ಳಿಯ ಡಿಸ್ಟಿಲರಿ 1929ರಲ್ಲೇ ಮುಚ್ಚಿತ್ತು, ಅದರ ಕಲ್ಲಿನ ಗೋದಾಮುಗಳು ಉಳಿದಿದ್ದವು. 2002ರಲ್ಲಿ ಮೂರನೆಯದು ಬಂತು: ಮಾಲ್ಟಿಗೆ ಎಷ್ಟು ಹೊಗೆ ಹಿಡಿಸಬಹುದೋ ಅಷ್ಟೂ ಹಿಡಿಸಿದರೆ ಏನಾಗುತ್ತದೆ ನೋಡೋಣ ಅನ್ನುವ ಹಟದ ವಿಸ್ಕಿ. ಐಲಾದ ಘಾಟಿನ ವಿಸ್ಕಿಗಳಿಗೆ ಬಳಸುವ ಮಾಲ್ಟ್ ಸಾಮಾನ್ಯವಾಗಿ 35ರಿಂದ 55 ಪಿಪಿಎಂ. ಇವರ ಮೊದಲ ಬಾಟಲಿಯ ಮೇಲೆ ಇದ್ದ ಸಂಖ್ಯೆ 131.

ಇವೆಲ್ಲ ಪೀಪಾಯಿಗೆ ಹೋದವು, ಅಂದರೆ ದುಡ್ಡು ಒಳಗೆ ಹೋಯಿತು. ಹೊರಗೆ ಬರಬೇಕಿದ್ದದ್ದು ಹಳೆಯ ಪೀಪಾಯಿಗಳಿಂದ. ಅಲ್ಲೊಂದು ತೊಡಕು. ಹಳೆಯ ಮಾಲೀಕರ ಕಾಲದಲ್ಲಿ ಬ್ಲೆಂಡ್‌ಗೆ ಹೋಗುವ ಸರಕಿಗೆ ಒಳ್ಳೆಯ ಮರ ಯಾಕೆ ಎಂದು ಹಲವು ಸಲ ಬಳಸಿ ಸಾರ ಕಳೆದುಕೊಂಡ ಪೀಪಾಯಿಗಳಿಗೆ ತುಂಬಿಸಿದ್ದರು. ಓಕ್ ಮರ ವಿಸ್ಕಿಗೆ ಬಣ್ಣವನ್ನೂ ರುಚಿಯನ್ನೂ ಕೊಡುತ್ತದೆ. ಸತ್ತ ಮರದಲ್ಲಿ ಇಪ್ಪತ್ತು ವರ್ಷ ಇಟ್ಟರೂ ವಿಸ್ಕಿ ಪೇಲವವೇ.

ಮೇಸ್ತ್ರಿ ಪೀಪಾಯಿ ಕಟ್ಟಿ ಬಂದವರು ಅನ್ನುವುದು ಇಲ್ಲಿ ಉಪಯೋಗಕ್ಕೆ ಬಂತು. ಒಂದೊಂದನ್ನೂ ಮೂಸಿ, ರುಚಿ ನೋಡಿ, ಸೊರಗಿದ್ದನ್ನು ಜೀವ ಇರುವ ಪೀಪಾಯಿಗೆ ಬದಲಾಯಿಸತೊಡಗಿದರು. ವ್ಯಾಪಾರಿಗೆ ವೈನ್ ಲೋಕದಲ್ಲಿ ಪರಿಚಯ ಬೇಕಾದಷ್ಟು. ಫ್ರಾನ್ಸಿನ ಒಳ್ಳೊಳ್ಳೆಯ ವೈನ್ ಇದ್ದ ಪೀಪಾಯಿಗಳು ಹಡಗು ಹತ್ತಿ ಐಲಾಕ್ಕೆ ಬಂದವು. ಹಳೆಯ ವಿಸ್ಕಿಗೆ ಹೊಸ ಬಣ್ಣ, ಹೊಸ ವಾಸನೆ. ಪ್ರತಿ ಬಗೆಯ ಪೀಪಾಯಿಗೆ ಒಂದು ಬಾಟಲಿ, ಒಂದು ಹೆಸರು, ಒಂದು ಬೆಲೆ. ಹೆಚ್ಚಿನವುಗಳಲ್ಲಿ ಆಲ್ಕೋಹಾಲ್ ಶೇ. 46 ಅಥವಾ ಅದರ ಮೇಲೆ, ತಣ್ಣಗೆ ಮಾಡಿ ಸೋಸುವುದಿಲ್ಲ, ಕ್ಯಾರಮೆಲ್ ಬಣ್ಣ ಸೇರಿಸುವುದಿಲ್ಲ. 2003ರಲ್ಲಿ ಡಿಸ್ಟಿಲರಿಯಲ್ಲೇ ಬಾಟಲಿ ತುಂಬುವ ಘಟಕ ಹಾಕಿದರು. ದ್ವೀಪದ ಉಳಿದವರ ವಿಸ್ಕಿಯ ಬಹುಪಾಲು ಟ್ಯಾಂಕರ್‌ಗಳಲ್ಲಿ ದಡ ದಾಟಿ ಹೋಗಿ ಅಲ್ಲಿ ಬಾಟಲಿಗೆ ಇಳಿಯುತ್ತಿತ್ತು. ಇಲ್ಲಿ ಆ ಕೆಲಸವೂ ಊರಲ್ಲೇ ಉಳಿಯಿತು.

ಇದಕ್ಕೆ ಬೆಲೆ ತೆರಲಿಲ್ಲ ಅಂತಲ್ಲ. ಬಗೆ ಬಗೆಯ ಬಾಟಲಿಗಳು ಎಷ್ಟಾದವೆಂದರೆ, ಗಿರಾಕಿಗೆ ಈ ಡಿಸ್ಟಿಲರಿಯ ರುಚಿ ಅಂದರೆ ಯಾವುದು ಅಂತಲೇ ತಿಳಿಯದಾಯಿತು. ಕಳೆದ ಸಲ ಇಷ್ಟವಾದದ್ದು ಈ ಸಲ ಅಂಗಡಿಯಲ್ಲಿ ಇಲ್ಲ. ಕೆಲವು ವೈನ್ ಪೀಪಾಯಿಗಳು ವಿಸ್ಕಿಯನ್ನೇ ನುಂಗಿಹಾಕಿದವು. ವಿಸ್ಕಿ ಬಲ್ಲವರು ಆಡಿಕೊಂಡರು. ಆಡಿಕೊಂಡದ್ದರಲ್ಲಿ ನ್ಯಾಯವಿದೆ. ಆದರೆ ಆ ಸಾಲು ಸಾಲು ಬಾಟಲಿಗಳೇ ಹೊಸ ಪೀಪಾಯಿಗಳ ಖರ್ಚು ಹೊತ್ತವು. ಒಂದೇ ಬಗೆ, ಒಂದೇ ರುಚಿ ಎಂದು ಕೂತಿದ್ದರೆ ಕೈಯಲ್ಲಿದ್ದ ಹಳೆಯ ಸರಕು ಒಂದು ದೊಡ್ಡ ಬಾಟಲಿ ಸಾಲಿಗೆ ಎರಡು ಮೂರು ವರ್ಷವೂ ಸಾಲುತ್ತಿರಲಿಲ್ಲ. ಅದನ್ನು ಚೂರು ಚೂರಾಗಿ, ಪ್ರತಿಸಲವೂ ಹೊಸ ಕಥೆ ಕಟ್ಟಿ ಮಾರಿದ್ದರಿಂದ ಹತ್ತು ವರ್ಷ ಎಳೆಯಿತು.

ಕಥೆಗಳಿಗೂ ಬರವಿರಲಿಲ್ಲ. ದೂರದ ಗಿರಾಕಿಗಳು ನೋಡಲಿ ಅಂತ ಡಿಸ್ಟಿಲರಿಯೊಳಗೆ ವೆಬ್‌ಕ್ಯಾಮ್ ಹಾಕಿದ್ದರು. ಇರಾಕ್ ಯುದ್ಧದ ವರ್ಷ, 2003. ಒಂದು ಕ್ಯಾಮೆರಾ ಕೆಟ್ಟಿದೆ ಎಂದು ಒಂದು ಇಮೇಲ್ ಬಂತು. ಕಳಿಸಿದವರು ಅಮೆರಿಕದ ರಕ್ಷಣಾ ಇಲಾಖೆಯ ಸಂಸ್ಥೆಯವರು! ರಾಸಾಯನಿಕ ಅಸ್ತ್ರ ತಯಾರಿಸುವ ಉಪಕರಣಗಳೂ ವಿಸ್ಕಿ ಭಟ್ಟಿಯೂ ನೋಡಲು ಒಂದೇ ಥರ ಇರಬಹುದೆಂದು ಅವರು ಕಣ್ಣಿಟ್ಟಿದ್ದರಂತೆ. ಬೇರೆ ಕಂಪನಿಯಾಗಿದ್ದರೆ ವಕೀಲರನ್ನು ಕರೆಯುತ್ತಿತ್ತು. ಇವರು ಪತ್ರಿಕೆಗಳನ್ನು ಕರೆದರು, ಅದರ ಮೇಲೆ ಒಂದು ಬಾಟಲಿಯನ್ನೂ ಬಿಟ್ಟರು. 2005ರಲ್ಲಿ ಐಲಾದ ಮೀನುಗಾರರಿಗೆ ನೌಕಾಪಡೆಯ ಹಳದಿ ಬಣ್ಣದ ಪುಟ್ಟ ಜಲಾಂತರ್ಗಾಮಿಯೊಂದು ಕಡಲಲ್ಲಿ ಸಿಕ್ಕಿತು, ಅದಕ್ಕೂ ಒಂದು ಬಾಟಲಿ. ಜಾಹೀರಾತಿಗೆ ಹಣವಿಲ್ಲದವರ ಕಸುಬು ಇದು.

ಬಾರ್ಲಿಯದ್ದು ಇನ್ನೊಂದು ದಾರಿ. ಐಲಾದ ಹೊಲಗಳಲ್ಲಿ ವಿಸ್ಕಿಗಾಗಿ ಬಾರ್ಲಿ ಬೆಳೆಯುವುದು ನಿಂತೇಹೋಗಿತ್ತು. ದ್ವೀಪದ ರೈತರಿಗೆ ಮುಂಗಡ ಮಾತು ಕೊಟ್ಟು 2004ರಿಂದ ಬೆಳೆಸಿದರು. ಇಳುವರಿ ಕಡಿಮೆ. ಕೊಯ್ಲಿನ ಹೊತ್ತಿಗೆ ಮಳೆ, ಬಾತುಗಳ ಕಾಟ. ಒಂದೊಂದು ಹೊಲದ ಬಾರ್ಲಿಯನ್ನೂ ಬೇರೆಯಾಗಿ ಇಳಿಸಿ, ಬಾಟಲಿಯ ಮೇಲೆ ಹೊಲದ ಹೆಸರು ಹಾಕಿದರು. ವೈನ್ ವ್ಯಾಪಾರಿಯ ತಲೆಯಿಂದ ಬಂದ ಯೋಚನೆ ಅನ್ನುವುದು ಸ್ಪಷ್ಟ. ಇದರಿಂದ ಲಾಭ ಬಂತೋ ಇಲ್ಲವೋ, ಊರಿನವರು ಜೊತೆಗೆ ನಿಂತರು.

2008ರಲ್ಲಿ ಎರಡನೇ ತಿರುವು. ಹಟದ ಆ ಹೊಗೆ ವಿಸ್ಕಿ ಐದೇ ವರ್ಷಕ್ಕೆ ಬಾಟಲಿಗೆ ಇಳಿಯಿತು. ಮಾಮೂಲಿ ಲೆಕ್ಕದಲ್ಲಿ ಐದು ವರ್ಷದ್ದಕ್ಕೆ ಯಾರು ಬೆಲೆ ಕೊಡುತ್ತಾರೆ? ಇವರು ಹೆಚ್ಚಿನ ಬೆಲೆಯನ್ನೇ ಇಟ್ಟರು, ಜನ ಕೊಂಡರು. ಎಳೆಯದಾಗಿದ್ದಷ್ಟೂ ಹೊಗೆ ಜೋರು, ಹಾಗಾಗಿ ಇಲ್ಲಿ ಎಳೆತನವೇ ಗುಣವಾಯಿತು. ಬೀಗ ಬಿದ್ದ ವರ್ಷಗಳ ಹೊಂಡವನ್ನು ದಾಟಿಸಿದ ಹಲಗೆ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ಮೂರನೆಯದು ಜಿನ್. 2003ರಲ್ಲಿ ಡಂಬಾರ್ಟನ್ ಎಂಬಲ್ಲಿ ಕೆಡವುತ್ತಿದ್ದ ಹಳೆಯ ಡಿಸ್ಟಿಲರಿಯ ಉಪಕರಣಗಳನ್ನು ಗುಜರಿಗೆ ಹೋಗುವ ಮೊದಲೇ ಕೊಂಡು ಸಮುದ್ರದ ಮೇಲೆ ಸಾಗಿಸಿ ತಂದಿದ್ದರು. ಅದರಲ್ಲೊಂದು ಡಬ್ಬಿ ಕತ್ತಿನ ವಿಚಿತ್ರ ಹಂಡೆ. ವರ್ಷಗಟ್ಟಲೆ ಸುಮ್ಮನೆ ಬಿದ್ದಿತ್ತು. 2010ರಲ್ಲಿ ಅದರಲ್ಲಿ ಜಿನ್ ಇಳಿಸಿದರು. ದ್ವೀಪದಲ್ಲೇ ಕಿತ್ತು ತಂದ 22 ಬಗೆಯ ಸೊಪ್ಪು, ಹೂವು ಹಾಕಿದರು. ಜಿನ್‌ಗೆ ಪೀಪಾಯಿಯೂ ಬೇಡ, ಮೂರು ವರ್ಷವೂ ಬೇಡ. ಇವತ್ತು ಇಳಿಸಿದರೆ ಕೆಲವೇ ವಾರದಲ್ಲಿ ಹಣ. ಇದನ್ನು ಐದಾರು ವರ್ಷ ಮೊದಲೇ ಮಾಡಬಹುದಿತ್ತಲ್ಲ ಅಂತ ಈಗ ಅನಿಸುತ್ತದೆ. ಆದರೆ 2003ರಲ್ಲಿ ದುಬಾರಿ ಜಿನ್ನಿಗೆ ಇಷ್ಟು ಗಿರಾಕಿ ಇರಲಿಲ್ಲ ಅನ್ನುವುದನ್ನೂ ನೆನಪಿಡಬೇಕು.

ಏನಾಯಿತು

2011ರಲ್ಲಿ ತಮ್ಮ ಕೈಯಿಂದಲೇ ಇಳಿಸಿದ ಮೊದಲ ಹತ್ತು ವರ್ಷದ ವಿಸ್ಕಿ ಹೊರಬಂತು. ಚೆನ್ನಾಗಿತ್ತು, ಜನ ಮುಗಿಬಿದ್ದರು. 2001ರಲ್ಲಿ ಇಳಿಸಿದ್ದೇ ಸ್ವಲ್ಪ, ಹಾಗಾಗಿ ಬೇಡಿಕೆಗೆ ಸರಕು ಸಾಲದೆ ಒಂದೆರಡು ವರ್ಷದಲ್ಲೇ ಮಾಮೂಲಿ ಮಾರಾಟದಿಂದ ತೆಗೆಯಬೇಕಾಯಿತು. ಹತ್ತು ವರ್ಷ ಹಿಂದಿನ ಬಡತನ ಹೀಗೂ ಬಂದು ಕಾಡುತ್ತದೆ.

ಫಸಲು ಶುರುವಾದ ಹೊತ್ತಿಗೇ ಕೊಳ್ಳುವವರು ಬಂದರು. 2012ರಲ್ಲಿ ಫ್ರಾನ್ಸಿನ ಒಂದು ದೊಡ್ಡ ಮದ್ಯ ಕಂಪನಿ 5.8 ಕೋಟಿ ಪೌಂಡ್ ಕೊಡುತ್ತೇನೆ ಎಂದಿತು. ಅದರಲ್ಲಿ ಸುಮಾರು 1 ಕೋಟಿ ಸಾಲದ ಪಾಲು. ಆಡಳಿತ ಮಂಡಳಿಯಲ್ಲಿ ವ್ಯಾಪಾರಿ ಒಬ್ಬರೇ ಬೇಡ ಎಂದರು. ಉಳಿದವರು ಒಪ್ಪಿದರು. ವ್ಯಾಪಾರಿ ಹೊರಗೆ ನಡೆದರು. ಮೇಸ್ತ್ರಿ 2015ರ ತನಕ ಇದ್ದು ನಿವೃತ್ತರಾದರು.

ಮಾರಿದ್ದು ತಪ್ಪೇ? ಅಭಿಮಾನಿಗಳು ಆಗ ಬೈದಿದ್ದು ನಿಜ. ನಾನು ಮಾರಿದವರ ಪರ. ಷೇರುದಾರರು ಹನ್ನೊಂದು ವರ್ಷ ಕಾದಿದ್ದರು. ಬೇಡಿಕೆ ಏರಿದಷ್ಟೂ ಹೆಚ್ಚು ಇಳಿಸಬೇಕು, ಅಂದರೆ ಮತ್ತೆ ಹತ್ತು ವರ್ಷ ಪೀಪಾಯಿಯಲ್ಲಿ ಹಣ ಹೂಡಬೇಕು. ಅದಕ್ಕೆ ಕಾಯುವ ಶಕ್ತಿ ಇರುವ ಜೇಬು ಬೇಕಿತ್ತು. ಹೊಸ ಮಾಲೀಕರು ಹಳೆಯ ಗಿರಣಿಯನ್ನೂ ಮುಚ್ಚಳವಿಲ್ಲದ ಕೊಪ್ಪರಿಗೆಯನ್ನೂ ಹಾಗೇ ಬಿಟ್ಟರು. ಬಾರ್ಲಿ ಈಗಲೂ ದ್ವೀಪದಲ್ಲಿ ಬೆಳೆಯುತ್ತದೆ.

ನಮ್ಮೂರಿಗೆ ಸಂಬಂಧಪಟ್ಟ ಒಂದು ಕೊಂಡಿ ಇಲ್ಲಿದೆ. 1994ರಲ್ಲಿ ಬೀಗ ಹಾಕಿ, 2000ದಲ್ಲಿ ಮಾರಿದ ಆ ಗ್ಲಾಸ್ಗೋ ಕಂಪನಿಯನ್ನು 2007ರಲ್ಲಿ ಬೆಂಗಳೂರಿನ ಮದ್ಯ ಸಮೂಹವೊಂದು 59.5 ಕೋಟಿ ಪೌಂಡಿಗೆ ಕೊಂಡಿತು. ಯಾವುದು ಎಂದು ಕನ್ನಡದವರಿಗೆ ಹೇಳಬೇಕಾಗಿಲ್ಲ. ಆ ಹೊತ್ತಿಗೆ ಭಾರತ, ಚೀನಾದ ಬೇಡಿಕೆಯ ಆಸೆಗೆ ಹಳೆಯ ಸ್ಕಾಚ್ ಸರಕಿನ ಬೆಲೆ ಏರಿತ್ತು. 2014ರಲ್ಲಿ ಅದು ಫಿಲಿಪ್ಪೀನ್ಸ್‌ನ ಕಂಪನಿಗೆ 43 ಕೋಟಿ ಪೌಂಡಿಗೆ ಹೋಯಿತು. ದೊಡ್ಡ ಗುಂಪು ಕಳೆದುಕೊಂಡ ಹೊತ್ತಿನಲ್ಲೇ, ಆ ಗ್ಲಾಸ್ಗೋ ಕಂಪನಿ ಹಿಂದೆ ಬೇಡವೆಂದು ಬಿಸಾಡಿದ ಡಿಸ್ಟಿಲರಿ ಸುಮಾರು ಒಂಬತ್ತು ಪಟ್ಟು ಬೆಲೆಗೆ ಮಾರಾಟವಾಯಿತು.

ಪ್ರಕರಣದಿಂದ ಏನು ತಿಳಿಯುತ್ತದೆ

65 ಲಕ್ಷ ಪೌಂಡ್ ಕೊಟ್ಟು ಅವರು ಕೊಂಡದ್ದು ಬೇರೆಯವರು ಕಳೆದ ವರ್ಷಗಳನ್ನು. 1960ರಿಂದ 1994ರ ತನಕ ಬೇರೆ ಮಾಲೀಕರು ಸಂಬಳ, ಬಡ್ಡಿ, ಬಾಡಿಗೆ ಕೊಟ್ಟು ಕಾದ ವಿಸ್ಕಿ ಪೀಪಾಯಿಯಲ್ಲಿತ್ತು. ಹಳೆಯ ಉದ್ಯಮವನ್ನು ಕೊಳ್ಳುವವರು ಯಂತ್ರ, ಜಾಗ, ಹೆಸರು ಅಳೆಯುತ್ತಾರೆ. ಇಲ್ಲಿ ಲೆಕ್ಕಕ್ಕೆ ಬಂದದ್ದು ಮಾರಲು ತಯಾರಾಗಿದ್ದ ಸರಕು ಎಷ್ಟು ವರ್ಷ ಎಳೆಯುತ್ತದೆ ಅನ್ನುವುದು.

ಇನ್ನೊಂದು, ಅವರ ಬಹಳಷ್ಟು ಒಳ್ಳೆಯ ನಿರ್ಧಾರಗಳು ಹಣವಿಲ್ಲದ್ದರಿಂದ ಹುಟ್ಟಿದವು. ಹಣ ಇದ್ದಿದ್ದರೆ ಕಂಪ್ಯೂಟರ್ ಬರುತ್ತಿತ್ತು, ಜನ ಕಡಿಮೆಯಾಗುತ್ತಿದ್ದರು, ಬಾಟಲಿ ದಡಕ್ಕೆ ಹೋಗುತ್ತಿತ್ತು. ಇದನ್ನು ಕೇಳಿ ಬಡತನವೇ ಒಳ್ಳೆಯದು ಎಂದುಕೊಳ್ಳಬೇಡಿ. ಹಣವಿಲ್ಲದೆ ಡಿಸ್ಟಿಲರಿಗಳು ಮುಚ್ಚಿಹೋಗುವುದೂ ಉಂಟು.

ವ್ಯಾಪಾರಿ ಸುಮ್ಮನೆ ಕೂರಲಿಲ್ಲ. ಐರ್ಲೆಂಡ್‌ನಲ್ಲಿ ಹಳೆಯ ಬಿಯರ್ ಕಾರ್ಖಾನೆಯೊಂದನ್ನು ಕೊಂಡು 2015ರ ಕೊನೆಗೆ ಹೊಸ ಡಿಸ್ಟಿಲರಿ ಶುರು ಮಾಡಿದರು. ಹೊಲ ಹೊಲದ ಬಾರ್ಲಿ ಬೇರೆ ಬೇರೆ ಅನ್ನುವ ಅದೇ ಯೋಚನೆ, ಈ ಸಲ ಇನ್ನೂ ಕಟ್ಟುನಿಟ್ಟಾಗಿ. ರೈತರು ಹತ್ತಾರು, ವಿಸ್ಕಿಗೂ ಒಳ್ಳೆಯ ಹೆಸರು ಬಂತು. 2024ರ ನವೆಂಬರ್‌ನಲ್ಲಿ ಸಾಲ ಕೊಟ್ಟ ಬ್ಯಾಂಕ್ ರಿಸೀವರ್, ಅಂದರೆ ಸಾಲ ವಸೂಲಿಗಾಗಿ ಆಸ್ತಿಯನ್ನು ವಹಿಸಿಕೊಳ್ಳುವವರನ್ನು, ನೇಮಿಸಿತು. ಮೊದಲ ಸಲ ಗೋದಾಮಿನಲ್ಲಿ ಹಳೆಯ ಪೀಪಾಯಿಗಳಿದ್ದವು, ಎರಡನೇ ಸಲ ಒಂದೂ ಇರಲಿಲ್ಲ. ಎರಡು ಫಲಿತಾಂಶಗಳ ನಡುವಿನ ವ್ಯತ್ಯಾಸದಲ್ಲಿ ದೊಡ್ಡ ಪಾಲು ಇದರದ್ದೇ ಎಂದು ನನ್ನ ಅಂದಾಜು. ಕೊರೊನಾ ನಂತರ ಬಡ್ಡಿ ಏರಿದ್ದು, ಜಗತ್ತಿನಲ್ಲೆಲ್ಲ ದುಬಾರಿ ವಿಸ್ಕಿಯ ಮಾರಾಟ ಕುಗ್ಗಿದ್ದು ಕೂಡ ಸೇರಿಕೊಂಡಿದೆ. ಹಾಗಾಗಿ ಐರ್ಲೆಂಡ್‌ನದ್ದನ್ನು ಬೇರೆಯೇ ಪ್ರಕರಣವಾಗಿ ಬಿಡಿಸಿ ನೋಡಬೇಕು.